ಮಣ್ಣೆತ್ತುಗಳ ಜೊತೆ ಹೋದ ಬಿರಕ್ಯಾ

ನನಗೆ ತಿಳಿಯಲಿಲ್ಲ ಎಂದು ಎಲ್ಲರೂ ನನ್ನನ್ನು ಕ್ಷಮಿಸಿಬಿಟ್ಟರು. ಆ ಕ್ಷಮೆ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು. ತಂಗಿ ಹೈಸ್ಕೂಲಿಗೆ ಹೋಗುತ್ತಿದ್ದಳು. ಒಂದು ಬೇಸಿಗೆ ರಜೆಯಲ್ಲಿ, ತಿರ್ಲಾಪುರದ ಹಾದಿಯ ಹೊಲದಲ್ಲಿ ಒಣಗಿದ ಹತ್ತಿ ಗಿಡದ ಕಟಗಿ ಕೀಳುತ್ತಾ ಇಬ್ಬರೂ ಮಾತಿನಲ್ಲೇ ಒಂದು ಪ್ರಾಣಿಯನ್ನು ಹುಟ್ಟಿಸಿದೆವು. ಹೆಸರು ಬಿರಕ್ಯಾ. ಬೇಸಿಗೆಯಲ್ಲಿ ಎರೆ ಭೂಮಿ ಬಾಯಿ ಬಿಡುತ್ತದಲ್ಲ, ಆ ಬಿರುಕುಗಳೇ ಅದರ ಮನೆ.

"ಅದರ ಮೈ ಯಾಕ ರೊಟ್ಟಿಹಂಗ ತೆಳ್ಳಗ ಹೇಳಬೇ ಅಕ್ಕಾ?"

"ಬಿರುಕಿನ್ಯಾಗ ಹಿಡೀಬೇಕಲ್ಲ."

"ಹಂಗಲ್ಲ. ಮೊದಲ ದಪ್ಪನ್ನವೂ ಇದ್ದೂ, ತೆಳ್ಳನ್ನವೂ ಇದ್ದೂ. ದಪ್ಪನ್ನವು ಒಳಗ ಇಳಿಯಾಕ ಆಗದ ಹದ್ದಿನ ಬಾಯಿಗೆ ಹೋದೂ. ಉಳದವುಕ್ಕ ಮಕ್ಕಳಾದೂ, ಮಕ್ಕಳೂ ತೆಳ್ಳಗ."

"ಅಷ್ಟ ಸಾಕೇನಲೇ? ಮಳಿ ಬಿದ್ದ ಮ್ಯಾಲ ಬಿರುಕು ಮುಚ್ಚಿಕೊಂತಾವು. ನಿನ್ನ ಬಿರಕ್ಯಾ ಒಳಗ ಹೂತು ಹೋಗತೈತಿ."

ಅವಳ ಕೈ ನಿಂತಿತು. ಅದನ್ನವಳು ಯೋಚಿಸಿರಲಿಲ್ಲ. ಸಂಜೆಯೊಳಗೆ ಬಿರಕ್ಯಾನಿಗೆ ಉದ್ದ ಮೀಸೆ ಬಂತು. ಮಳೆಗೆ ಮೊದಲೇ ಮೀಸೆಯಿಂದ ತೇವ ಗೊತ್ತಾದಂಥವು ಮೇಲೆ ಬಂದು ಬದುಕಿದವು. ಕಾಲಿನ ಮಾತೂ ನನ್ನದೇ. ಮಳೆಯಲ್ಲಿ ನಮ್ಮ ನಾಯಿಯ ಕಾಲ್ಗೂದಲಿಗೆ ಎರೆ ಮಣ್ಣು ಮೆತ್ತಿ ಅದು ಹೆಜ್ಜೆ ಎತ್ತಲಾರದೆ ನಿಲ್ಲುವುದನ್ನು ನಾನು ನೋಡಿದ್ದೆ. ಹಾಗಾಗಿ ಬಿರಕ್ಯಾನ ಅಂಗಾಲು ಪೀಳಿಗೆಯಿಂದ ಪೀಳಿಗೆಗೆ ಬೋಳಾಗುತ್ತಾ ಬಂತು.

ಶಾಲೆಯ ವಿಜ್ಞಾನ ಪ್ರದರ್ಶನ ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಬಿತ್ತು. ಅವ್ವ ಎರೆ ಮಣ್ಣು ಕಲಸಿ ಪೂಜೆಗೆ ಎತ್ತು ಮಾಡಿದಳು. ಅದೇ ಮಣ್ಣಿನಲ್ಲಿ ತಂಗಿ ಮೂರು ಬಿರಕ್ಯಾ ಮಾಡಿದಳು: ಅಜ್ಜ, ಅಪ್ಪ, ಮಗ. ಅಜ್ಜನ ಕಾಲಿಗೆ ನಾರಿನ ಕೂದಲು, ಮಗನದು ನುಣ್ಣಗೆ.

"ಮಳಿದು, ಕಾಲಿಂದು ನಾ ಹೇಳಿದ್ದು ಅಂತ ಅಲ್ಲಿ ಹೇಳ್ತೀ ಹೌದಿಲ್ಲೋ?" ಎಂದೆ.

ಅವಳು ನಕ್ಕಳು. "ಅದನ್ನೆಲ್ಲಾ ಅಲ್ಲಿ ಹೇಳಾಕ ಬರಂಗಿಲ್ಲಬೇ ಅಕ್ಕಾ. ಅದು ವಿಜ್ಞಾನ."

ಮರುದಿನ ಬೆಳಿಗ್ಗೆ ಎತ್ತುಗಳನ್ನು ಹಳ್ಳಕ್ಕೆ ಬಿಟ್ಟು ಬರಲು ಅವ್ವ ನನ್ನನ್ನು ಕಳಿಸಿದಳು. ತಂಗಿ ಸ್ನಾನಕ್ಕೆ ಹೋಗಿದ್ದಳು. ಒಂದೇ ಹಲಗೆಯ ಮೇಲೆ ಎತ್ತುಗಳೂ ಇದ್ದವು, ಬಿರಕ್ಯಾಗಳೂ ಇದ್ದವು. ನಾನು ಹಲಗೆಯನ್ನೇ ಎತ್ತಿಕೊಂಡು ಹೋದೆ. ನೀರಿನಲ್ಲಿ ಮೊದಲು ಕರಗಿದ್ದು ಬಿರಕ್ಯಾಗಳ ಕಾಲುಗಳು. ನಿಂತು ನೋಡಿದೆ.

ಮನೆಯಲ್ಲಿ ತಂಗಿ ಅಳುತ್ತಿದ್ದಳು. "ಎಲ್ಲಾ ಎತ್ತು ಅಂತ ತಿಳಕೊಂಡೆ" ಎಂದೆ.

"ಪಾಪ, ಸಾಲಿ ಕಲಿತಾಕಿ ಅಲ್ಲ, ಅದಕ್ಕೇನ ಗೊತ್ತಾಗತೈತಿ" ಎಂದಳು ಅವ್ವ. ತಂಗಿಯೂ ಕಣ್ಣೊರೆಸಿಕೊಂಡು, "ಬಿಡಬೇ ಯವ್ವಾ, ಅಕ್ಕಗ ತಿಳೀಲಿಲ್ಲ" ಎಂದು ಬರಿಗೈಯಲ್ಲಿ ಹೋದಳು.

ಒಬ್ಬರೂ ಬೈಯಲಿಲ್ಲ. ಎತ್ತು ಯಾವುದು, ಬಿರಕ್ಯಾ ಯಾವುದು ಎಂದು ತಿಳಿಯದಷ್ಟು ದಡ್ಡಿ ನಾನು ಎಂದು ಮನೆಮಂದಿಯೆಲ್ಲ ಒಪ್ಪಿಕೊಂಡರು. ಆ ಸುಳ್ಳಿನ ಹಿಂದೆ ಅಡಗಿದವಳೂ ನಾನೇ. ಯಾರ ಮೇಲೆ ಸಿಟ್ಟು ಮಾಡಲಿ?

ಈ ವರ್ಷ ಅಮಾವಾಸ್ಯೆಗೆ ತಂಗಿ ತವರಿಗೆ ಬಂದಿದ್ದಳು. ಮಣ್ಣು ಕಲಸುತ್ತಾ ಮತ್ತೆ ಆ ಹಳೆಯ ನಗೆಮಾತು ತೆಗೆದಳು: "ನಮ್ಮಕ್ಕ ಬಿರಕ್ಯಾಗ ಎತ್ತು ಅಂದಾಕಿ!"

"ಎತ್ತಿಗೆ ಕೋಡಿರ್ತಾವು" ಎಂದೆ. "ಅವುಕ್ಕ ಮೀಸಿ ಇದ್ದೂ. ನನಗ ಗೊತ್ತಿತ್ತಲೇ. ಬೇಕಂತ ಹಳ್ಳಕ್ಕ ಬಿಟ್ಟೆ."

ಅವಳ ಮುಖದ ನಗು ಹೋಯಿತು. ಕೈಯಲ್ಲಿದ್ದ ಮಣ್ಣಿನ ಮುದ್ದೆಯನ್ನು ನೆಲಕ್ಕೆ ಅಪ್ಪಳಿಸಿದಳು. "ಹೊಟ್ಟಿಕಿಚ್ಚಿನಾಕಿ! ಅವತ್ತ ಸಾಲ್ಯಾಗ ಎಲ್ಲಾರ ಮುಂದ ಬಾಯಿ ಬಿಡಲಾರದ ನಿಂತಿದ್ನಲ್ಲ ನಾನು! ಎಲ್ಲಾ ತಿಳಿದು ಮಾಡಿದಿ ನೀನು, ಎಲ್ಲಾ ತಿಳಿದು!"

ಅವಳು ಬೈಯುತ್ತಲೇ ಇದ್ದಳು. ನನಗೆ ತಿಳಿದಿತ್ತು ಎಂಬ ಬೈಗುಳ ಅವಳ ಬಾಯಿಂದ ಬಿದ್ದದ್ದು ಅದೇ ಮೊದಲು. ನಾನು ತಡೆಯಲಿಲ್ಲ.