ದಾರಿ ತಿಂದ ಗಿಡಗಳು

ಚಿಕ್ಕೋಡಿಯಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದ ವರ್ಷ ಗಿಡ ನೆಡಿಸುವ ಹುಚ್ಚು ನನಗೆ ಹಿಡಿದಿತ್ತು. ಎಂಬತ್ತರ ದಶಕದ ನಡುವಿನ ಮಾತು. ಅರಣ್ಯ ಇಲಾಖೆಯಿಂದ ಬೇವು, ಸುಬಾಬುಲ್ ಸಸಿಗಳು ಪುಕ್ಕಟೆ ಸಿಗುತ್ತಿದ್ದವು. ಹೊಳೆಗೆ ಇಳಿಯುವ ಗಾಡಿ ದಾರಿಯ ಎರಡೂ ಮಗ್ಗುಲಿನ ಹೊಲದವರು ನಾ ಮುಂದು ತಾ ಮುಂದು ಎಂದು ಸಸಿ ಒಯ್ದರು. ನಮ್ಮೂರಿಗೆ ಎಂಥ ಬುದ್ಧಿ ಬಂತು ಎಂದು ಬೀಗಿದೆ. ದಡ್ಡ ನಾನು.

ಯಾರೂ ತಮ್ಮ ಬದುವಿನ ಮೇಲೆ ನೆಡಲಿಲ್ಲ. ಬದು ದಾಟಿ ಒಂದು ಹೆಜ್ಜೆ ದಾರಿಯೊಳಗೆ ನೆಟ್ಟರು. ಆಡು ತಿನ್ನದಿರಲೆಂದು ಇನ್ನೊಂದು ಹೆಜ್ಜೆ ಆಚೆಗೆ ಜಾಲಿಮುಳ್ಳಿನ ಬೇಲಿ. ಮರುವರ್ಷ ಬೇಲಿಯ ತನಕ ನೇಗಿಲು ಹೊಡೆದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ನಮ್ಮಲ್ಲಿ ಅದು ದಾರಿಯನ್ನು ಮೇಯಿತು. ಅಪ್ಪನೂ ಹಾಗೇ ನೆಟ್ಟ. ಸಾಲಿಗೆ ಹಗ್ಗ ಹಿಡಿದವನು ನಾನೇ.

ನಮಗೆಲ್ಲ ಹಿಂಬದಿಯಿಂದ ಬೇರೆ ದಾರಿ ಇತ್ತು. ತುದಿಯ ಹೊಲದ ಕಾಕುಗೆ ಮಾತ್ರ ಇದೊಂದೇ. ಗಂಡ ತೀರಿದ ಮೇಲೆ ಒಬ್ಬಳೇ ಕಬ್ಬು ಬೆಳೆಯುತ್ತಿದ್ದ ಅವಳನ್ನು ಊರೆಲ್ಲ ಚಿಕ್ಕಮ್ಮನೆಂಬ ಅರ್ಥದಲ್ಲಿ ಕಾಕು ಎಂದೇ ಕರೆಯುತ್ತಿತ್ತು. ಮೂರನೆಯ ವರ್ಷ ಕಬ್ಬು ಕಡಿಯುವ ಗ್ಯಾಂಗು ಬಂದಾಗ, ನಮ್ಮ ಹೊಲದ ತಿರುವಿನಲ್ಲಿ ದಾರಿ ತೀರ ಕಿರಿದಾಗಿ, ಅವಳ ಹೊಲಕ್ಕೆ ಎತ್ತಿನ ಗಾಡಿ ಹಾಯಲಿಲ್ಲ. ನಮ್ಮ ಮನೆಗೆ ಬಂದು ನನ್ನನ್ನೇ ಕೇಳಿದಳು.

"ತಮ್ಮಾ, ನಿಮ್ಮ ಕಡೀವು ನಾಕ ಗಿಡ ತಗದ್ರ ಗಾಡಿ ಹಾಯತೈತಿ. ಅಪ್ಪಗ ಒಂದ ಮಾತ ಹೇಳಪಾ."

"ಹಸರ ಗಿಡ ಕಡೀಬಾರ್ದ ಕಾಕು. ಇಲಾಖೆದವ್ರು ಬಿಡೂದಿಲ್ಲ. ಗಿಡಕ್ಕೂ ಜೀವ ಐತಿ."

"ಕಬ್ಬಿಗೂ ಐತಿ, ತಮ್ಮಾ," ಎಂದು ಎದ್ದು ಹೋದಳು.

ನಿಜ ಹೇಳಬೇಕೆಂದರೆ, ನನಗೆ ಗಿಡದ ಮೇಲಿನ ಪ್ರೀತಿಗಿಂತ ಅಪ್ಪನ ಅಂಜಿಕೆ ದೊಡ್ಡದಿತ್ತು. ಆ ಅಂಜಿಕೆಗೆ ಧರ್ಮದ ಮಾತು ಹೊದಿಸಿದೆ. ಗ್ಯಾಂಗು ಬೇರೆ ಹೊಲಕ್ಕೆ ಹೋಯಿತು. ಕಾಕುವಿನ ಕಬ್ಬು ಹೂ ಬಿಟ್ಟು ನಿಂತಲ್ಲೇ ಒಣಗಿತು. ಮರುವರ್ಷವೂ ಅಷ್ಟೇ.

ದಾರಿ ಇಲ್ಲದ ಹೊಲವನ್ನು ಯಾರು ಕೊಳ್ಳುತ್ತಾರೆ? ಅಪ್ಪ ಕೊಂಡ. ವಾರದೊಳಗೆ ಆ ನಾಲ್ಕೂ ಗಿಡ ಕಡಿಸಿ ಟ್ರ್ಯಾಕ್ಟರ್ ಹಾಯಿಸಿದ. ಯಾವ ಇಲಾಖೆಯವರೂ ಬರಲಿಲ್ಲ. ಕಾಕು ಅದೇ ಹೊಲಕ್ಕೆ ಕಳೆ ತೆಗೆಯಲು ಕೂಲಿಗೆ ಬಂದಳು.

ಆ ಹೊಲವನ್ನು ನನ್ನ ಹೆಸರಿಗೆ ಮಾಡುವ ಕಾಗದವನ್ನು ಅಪ್ಪ ಮುಂದಿಟ್ಟಾಗ, ನಾನು ಸಹಿ ಮಾಡಿದೆ.