ಎರಡು ಮೂಗಿನ ಥಾಲರ್

ಹಾರ್ಟ್ಸ್ ಬೆಟ್ಟದ ನಮ್ಮ ಪುಟ್ಟ ಸಂಸ್ಥಾನದ ಟಂಕಸಾಲೆಯಲ್ಲಿ ವಾಲ್ಟಿನ್ ಕ್ನೋರ್ ಇಪ್ಪತ್ತಾರು ವರ್ಷ ಸುತ್ತಿಗೆ ಬೀಸಿ, ಒಂದು ಬದಿಗೆ ದೊರೆಯ ಮುಖವನ್ನು, ಹಿಂಬದಿಗೆ ಸಂಸ್ಥಾನದ ಲಾಂಛನವಾದ ಕರಡಿಯನ್ನು ಲಕ್ಷಗಟ್ಟಲೆ ಬೆಳ್ಳಿ ಥಾಲರ್‌ಗಳ ಮೇಲೆ ಮೂಡಿಸಿದವನು. ಆ ದೊರೆಯೇ ಎದುರು ನಿಂತ ದಿನ ಮಾತ್ರ ಅವನ ಕೈ ತಪ್ಪಿತು. ಅಡಿ ಅಚ್ಚಿಗೂ ಮೇಲಚ್ಚಿಗೂ ಮಧ್ಯೆ ಇಟ್ಟಿದ್ದ ಬಿಲ್ಲೆ ಎರಡು ಏಟುಗಳ ನಡುವೆ ಜರುಗಿತು. ಟಣ್ಣನೆ ಹಾರಿ, ಉರುಳಿ ಉರುಳಿ, ದೊರೆಸಾನಿಯ ಬೂಟಿಗೆ ಬಡಿದು ಮಲಗಿತು. ಆಕೆ ಎತ್ತಿ ನೋಡಿದಳು.

"ಅಯ್ಯೋ, ನಿಮಗೆ ಎರಡು ಮೂಗು ಬಂದಿದೆ ಕಣ್ರೀ!"

ನಾವು ಹನ್ನೆರಡು ಕೆಲಸಗಾರರೂ ಉಸಿರು ಬಿಗಿಹಿಡಿದೆವು. ದೊರೆ ಬಂದದ್ದು ಸುಮ್ಮನೆ ಅಲ್ಲ. ಪಕ್ಕದ ಸಂಸ್ಥಾನದವರು ಕುದುರೆ ತಿರುಗಿಸುವ ಉರುಳೆಯಂತ್ರ ತಂದಿದ್ದರು; ವಾಲ್ಟಿನ್ ವಾರವಿಡೀ ಕುಟ್ಟುವಷ್ಟನ್ನು ಅದು ಒಂದೇ ದಿನದಲ್ಲಿ ಉಗುಳುತ್ತಿತ್ತು. ನಮಗೂ ಯಂತ್ರ ಬೇಕೋ, ಸುತ್ತಿಗೆಯೇ ಸಾಕೋ ಎಂದು ಅವತ್ತೇ ತೀರ್ಮಾನ. ಐವತ್ತೆರಡರ ವಾಲ್ಟಿನ್‌ಗೆ ಕುಟ್ಟುವುದು ಬಿಟ್ಟರೆ ಬರುತ್ತಿದ್ದದ್ದು ಬಿಯರ್ ಕುಡಿಯುವುದೊಂದೇ. ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ.

"ಹಾಳಾದೋನೇ, ಇವತ್ತೇ ಆಗ್ಬೇಕಿತ್ತಾ?" ಎಂದು ಮುಖ್ಯಸ್ಥ ಜೀಬಾಲ್ಡ್ ಹಲ್ಲು ಕಡಿದ.

"ಇರ್ಲಿ ಬಿಡಿ, ಲಾಭಾನೇ," ಎಂದಳು ದೊರೆಸಾನಿ. "ನೆಗಡಿ ಬಂದು ಒಂದು ಕಟ್ಕೊಂಡ್ರೆ ಉಸಿರಾಡೋಕೆ ಇನ್ನೊಂದು. ನನ್ನ ಅಡುಗೆಮನೇಲಿ ತೂರಿಸೋದು ಮಾತ್ರ ಒಂದೇ ಆಗ್ಲಿ!"

ದೊರೆಯ ಮೀಸೆ ಅದುರಿತು. ಸಿಟ್ಟೋ ಎಂದು ನಾವು ಹೆದರುವಷ್ಟರಲ್ಲಿ ಅದರ ಹಿಂದಿನಿಂದ ಗಹಗಹ ನಗು ನುಗ್ಗಿ ಬಂತು. ಅದು ಅಂಟುಜಾಡ್ಯ. ಕುಲುಮೆಯವನು ನಕ್ಕು ನಕ್ಕು ನೀರಿನ ತೊಟ್ಟಿಯಲ್ಲಿ ಕುಳಿತುಬಿಟ್ಟ. ಜೀಬಾಲ್ಡ್‌ಗೆ ಬಿಕ್ಕಳಿಕೆ ಹತ್ತಿತು. ಬಿಯರ್ ಪೀಪಾಯಿ ಬಂತು.

ಮೂರನೆಯ ಲೋಟಕ್ಕೆ ದೊರೆ ವಾಲ್ಟಿನ್‌ನ ಹೆಗಲಿಗೆ ಕೈ ಹಾಕಿದ.

"ಯಂತ್ರಕ್ಕೆ ನನ್ನ ಗುರುತು ಎಲ್ಲಿಂದ ಸಿಗ್ಬೇಕು? ಇವನು ನಾನು ಹುಡುಗ ಆಗಿದ್ದಾಗಿಂದ ನನ್ನ ಮುಖಾನೇ ನೋಡ್ಕೊಂಡು ಬಂದಿದಾನೆ. ಇವನಿರೋವರೆಗೂ ಸುತ್ತಿಗೆ ಇರ್ಲಿ!"

ನಮ್ಮ ಟೋಪಿಗಳು ತೊಲೆ ಮುಟ್ಟಿದವು. ಬಿಕ್ಕಳಿಕೆಯ ನಡುವೆಯೇ ಜೀಬಾಲ್ಡ್ ವಾಲ್ಟಿನ್‌ನ ಬೋಳುತಲೆಗೆ ಮುತ್ತಿಟ್ಟ.

"ಹೇಳಪ್ಪಾ, ನಾಚ್ಕೋಬೇಡ," ಎಂದ ದೊರೆ. "ಇಷ್ಟು ವರ್ಷದಲ್ಲಿ ನನ್ನ ಯಾವ ಮುಖ ನಿಂಗೆ ಹಿಡಿಸ್ತು? ಮೀಸೆ ಬರೋಕೆ ಮುಂಚಿನದೋ, ಈಗಿನದೋ?"

ವಾಲ್ಟಿನ್ ಬಾಯಿಯ ನೊರೆ ಒರೆಸಿಕೊಂಡು ಪ್ರಾಮಾಣಿಕವಾಗಿ ಯೋಚಿಸಿದ.

"ನೋಡಿಲ್ಲ ಧಣಿ. ನಿಮ್ಮ ಮುಖ ಇರೋದು ಅಡಿ ಅಚ್ಚಲ್ಲಿ. ಮೇಲಚ್ಚು ಎತ್ತಿದ್ರೆ ನಂಗೆ ಕಾಣ್ಸೋದು ಹಿಂಬದಿ ಕರಡಿ. ಇಪ್ಪತ್ತಾರು ವರ್ಷದಿಂದ ಅದನ್ನೇ ನೋಡ್ತಾ ಇದೀನಿ."