ರಸ್ತೆಗೆ ಬಂದ ಕೋಟೆ

ತೆಲಂಗಾಣ ಚಳವಳಿಯ ದಿನಗಳು. ನಾರಾಯಣಖೇಡಕ್ಕೆ ಕೆಲಸದ ಮೇಲೆ ಹೊರಟವನು, ರಾಯಿಕೋಡ್ ದಾಟಿದ ಮೇಲೆ ರಸ್ತೆ ಪಕ್ಕದ ಹಳೇ ಮಣ್ಣಿನ ಕೋಟೆ ನೋಡಲು ಇಳಿದೆ. ಅದರ ಮೇಲೆ ನಿಂತು, ಕಟ್ಟಿದವರನ್ನು ನೆನೆಯಲು ಎಷ್ಟು ಯತ್ನಿಸಿದರೂ ನೆನಪಾಗುತ್ತಿದ್ದುದು ಮುಂದಿನ ಬಸ್ಸೇ.

ಕೆಳಗೆ ನಾಲ್ಕೈದು ಜನ ಕೋಟೆಯ ಮಣ್ಣು ಅಗೆದು ಬುಟ್ಟಿಗೆ ತುಂಬುತ್ತಿದ್ದರು.

"ಇಷ್ಟು ಹಳೇ ಕೋಟೆ ಯಾಕ್ರೀ ಅಗೀತೀರಿ?" ಎಂದು ರೇಗಿದೆ.

"ಇವತ್ತ ರಸ್ತಾರೋಕೋ ಅದರಿ. ಅಡ್ಡ ಹಾಕಾಕ ಮಣ್ಣು ಬೇಕು," ಎಂದ ಒಬ್ಬ. "ಕೋಟೀನೂ ಬರೋರನ್ನ ತಡ್ಯಾಕಂತೇ ಕಟ್ಟ್ಯಾರಲ್ರಿ?"

ಬಸ್ಸಿನ ಹೊತ್ತಾಯಿತೆಂದು ರಸ್ತೆಗಿಳಿದೆ. ಅಡ್ಡಲಾಗಿ ಎದೆಯೆತ್ತರದ ಮಣ್ಣಿನ ಗುಡ್ಡೆ. ಅದರಾಚೆ ನಾನು ಹತ್ತಬೇಕಾದ ಬಸ್ಸು ಹಾರ್ನ್ ಹೊಡೆದು ಹೊಡೆದು, ಸಾಕಾಗಿ ಬಂದ ದಾರಿಗೇ ತಿರುಗಿತು.

ಕೋಟೆಯ ಮೇಲೆ ಸಿಗದ ಹಳೇ ಕಾಲ ಆಗ ಮೈಗೇ ಬಂದು ಹತ್ತಿತು. ಆದರೂ, ಈ ಮಣ್ಣಿಗೆ ಸೋತು ತಿರುಗಿದ ದಂಡಿನವರಿಗೆ ಕುದುರೆಗಳಾದರೂ ಇದ್ದವು.